ತಮಟೆ, ಮೈಕು ಮತ್ತು ಒಂದು ಅರ್ಜಿ



ಉಕ್ತಲೇಖನದ ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ. ಎಂಟನೇ ತರಗತಿಯ ಒಬ್ಬ ಹುಡುಗ ‘ತೋಟ’ ಎಂದರೆ ‘ಕೋಟ’ ಎಂದು ಬರೆಯುತ್ತಿದ್ದ. ‘ಕಾಸು’ ಎಂದರೆ ‘ಕಾತು’ ಎಂದು ಬರೆಯುತ್ತಿದ್ದ. ಮೊದಮೊದಲು ನಾನು ಬೈದೆ. ನಮ್ಮ ತಾಳವಾಡಿ ಸೀಮೆಯ ಮಕ್ಕಳಿಗೆ ‘ಶ’ಕಾರ ‘ಸ’ಕಾರ ಒಂದೇ, ಹಳ್ಳಿ ‘ಅಳ್ಳಿ’ಯಾಗುತ್ತದೆ, ಅದೆಲ್ಲಾ ನಮಗೆ ಅಭ್ಯಾಸವಾಗಿ ಹೋಗಿದೆ. ಹಾಗಾಗಿ ಇದೂ ಉಚ್ಚಾರಣೆಯ ತಪ್ಪೇ ಇರಬೇಕು ಅಂದುಕೊಂಡೆ. ಆದರೆ ‘ತೋಟ’ವನ್ನು ‘ಕೋಟ’ ಅನ್ನುವ ಉಚ್ಚಾರಣೆ ಯಾವ ಊರಲ್ಲೂ ಇಲ್ಲವಲ್ಲ! ಒಂದು ದಿನ ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದೆ. ತಿರುಗಲಿಲ್ಲ. ಪಕ್ಕದ ಹುಡುಗ ತಿವಿದ ಮೇಲೆ ತಿರುಗಿದ.

ವಿಚಾರಿಸಿದಾಗ ತಿಳಿದದ್ದಿಷ್ಟು. ಅವನ ಸೋದರಮಾವನದು ಸೌಂಡ್ ಸೆಟ್ಟಿನ ವ್ಯಾಪಾರ. ಎರಡು ವರ್ಷದಿಂದ ಹಬ್ಬ, ಮದುವೆ, ಗಣಪತಿ ಬಿಡುವುದು ಯಾವುದೇ ಇರಲಿ, ಈ ಹುಡುಗ ರಜೆಯ ದಿನ ಬಾಕ್ಸುಗಳ ನಡುವೆ ಕೂತು ವೈರು ಕಾಯುವ ಕೆಲಸ ಮಾಡುತ್ತಿದ್ದ. ರಾತ್ರಿಯೆಲ್ಲಾ ಕೂತರೆ ಇನ್ನೂರು ರೂಪಾಯಿ, ಜೊತೆಗೆ ಬಿರಿಯಾನಿ. ಮಾರನೆಯ ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತಂತೆ. ಎರಡು ದಿನಕ್ಕೆ ಹೋಗುತ್ತಿತ್ತಂತೆ. ಆಮೇಲಾಮೇಲೆ ಆ ಗುಂಯ್ ಹೋಗುವುದನ್ನೇ ಬಿಟ್ಟಿತು.

ಅವನ ತಾಯಿಯನ್ನು ಕರೆಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಅಂದೆ. 1965ರಲ್ಲಿ ಆರಂಭವಾದ ಆ ಸಂಸ್ಥೆ ನಮ್ಮ ದೇಶದಲ್ಲಿ ಕಿವಿ ಮತ್ತು ಮಾತಿನ ವಿಷಯದಲ್ಲಿ ದೊಡ್ಡ ಹೆಸರು. ನಮಗೆ ಜಿಲ್ಲಾ ಕೇಂದ್ರ ಈರೋಡು ಘಾಟಿ ಇಳಿದು ಹೋಗಬೇಕಾದ ದೂರದಲ್ಲಿದೆ. ಚಾಮರಾಜನಗರದ ಮೇಲೆ ಮೈಸೂರು ಹತ್ತಿರ. ಅಲ್ಲಿ ಕಿವಿಗೆ ಯಂತ್ರ ಹಾಕಿ ಪರೀಕ್ಷೆ ಮಾಡಿ ಒಂದು ಗೆರೆಯ ಚಿತ್ರ ಕೊಟ್ಟರು. ಅದಕ್ಕೆ ಆಡಿಯೋಗ್ರಾಂ ಎನ್ನುತ್ತಾರೆ. ಗೆರೆ ಒಂದೇ ಸಮನೆ ಬಂದು 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಗದ್ದಲದಿಂದ ಹಾಳಾದ ಕಿವಿಯ ಗುರುತೇ ಅದಂತೆ. ಕೇಳುವ ಶಕ್ತಿ ಪೂರ್ತಿ ಹೋಗುವುದಿಲ್ಲ, ಮೊದಲು ಸಣ್ಣ ಚೂಪು ದನಿಗಳು ಹೋಗುತ್ತವೆ. ಸ, ತ, ಟ, ಕ, ಪ ಇವು ಒಂದರ ಹಾಗೆ ಒಂದು ಕೇಳುತ್ತವೆ. ಸ್ವರಗಳು ಚೆನ್ನಾಗಿಯೇ ಕೇಳುವುದರಿಂದ ಮಗು ಕಿವುಡು ಎಂದು ಮನೆಯವರಿಗೆ ಅನ್ನಿಸುವುದೇ ಇಲ್ಲ. ‘ಗಮನ ಇಲ್ಲ, ದಡ್ಡ’ ಎಂದು ಮೇಷ್ಟ್ರಿಗೆ ಅನ್ನಿಸುತ್ತದೆ! ನಾನು ಬೈದದ್ದು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ತರಗತಿಯಲ್ಲಿ ಹೇಳಿ, “ಹಬ್ಬದಲ್ಲಿ ಇಷ್ಟು ಜೋರಾಗಿ ಹಾಕಬೇಡಿ ಅಂತ ಯಾರಾದರೂ ಹೇಳಬಹುದಲ್ಲ?” ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: “ನಮ್ಗ್ಯಾಕ ಬುಡಿ ಸಾ, ನಮ್ಮಾತ ಯಾರ್ ಕೇಳಾರು?” ಆ ಮಾತಿಗೆ ಇತಿಹಾಸದ ಮೇಷ್ಟ್ರಾಗಿ ನಾನು ಕೊಡಬೇಕೆಂದುಕೊಂಡ ಉತ್ತರವೇ ಈ ಲೇಖನ.

ನಮ್ಮ ಬೆಟ್ಟಗಳಲ್ಲಿ ಸದ್ದು ಎನ್ನುವುದು ಮೋಜಿನ ವಸ್ತುವಾಗುವ ಮೊದಲು ಬದುಕುವ ಉಪಾಯವಾಗಿತ್ತು. ಸುತ್ತಲೂ ಕಾಡು. ಈಗ ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, 2013ರಲ್ಲಿ ಘೋಷಣೆಯಾದದ್ದು. ರಾಗಿ, ಜೋಳ, ಕಬ್ಬು, ಬಾಳೆ ಬೆಳೆದವನು ರಾತ್ರಿ ಅಟ್ಟಣೆಯ ಮೇಲೆ ಕೂತು ತಮಟೆ ಬಡಿದು, ಡಬ್ಬ ಬಡಿದು, ಕೂಗು ಹಾಕಿ ಆನೆ ಹಂದಿಗಳನ್ನು ಓಡಿಸಬೇಕು. ನಮ್ಮ ದೊಡ್ಡಪ್ಪನ ಎಡಗಿವಿ ಹೋದದ್ದು ಹೀಗೇ. ಆನೆ ಬಂತೆಂದು ಅವಸರದಲ್ಲಿ ಹಚ್ಚಿದ ಪಟಾಕಿ ಕೈ ಬಿಡುವ ಮೊದಲೇ ತಲೆಯ ಪಕ್ಕದಲ್ಲಿ ಸಿಡಿಯಿತು. ಅಂದಿನಿಂದ ಸಾಯುವ ತನಕ ಯಾರೇ ಮಾತಾಡಿಸಿದರೂ ಬಲಗಡೆಗೆ ಬಾ ಅನ್ನುತ್ತಿದ್ದರು. ಒಂದೇ ಒಂದು ಸಿಡಿತ ಸಾಕು, ಕಿವಿಯನ್ನು ಒಂದು ಜನ್ಮಕ್ಕೆ ಮುಗಿಸಲು.

ಊರಿನ ಸುದ್ದಿಯೂ ತಮಟೆಯ ಮೇಲೆಯೇ ಬರುತ್ತಿತ್ತು. ಕಂದಾಯ ಕಟ್ಟಬೇಕು, ನಾಳೆ ಪಂಚಾಯ್ತಿ, ಕೆರೆ ಕೋಡಿ ಕೆಲಸಕ್ಕೆ ಮನೆಗೊಬ್ಬ ಆಳು ಎಂದೆಲ್ಲಾ ಡಂಗುರ ಸಾರುತ್ತಿದ್ದರು. ಸಾರ್ವಜನಿಕ ಜೀವನ ಎಂದು ನಾವು ಪಾಠದಲ್ಲಿ ಹೇಳುವುದಕ್ಕೆ ನಮ್ಮ ಅಜ್ಜಂದಿರ ಕಾಲದಲ್ಲಿ ಇದ್ದ ದನಿ ಅದೊಂದೇ. ಆದರೆ ಆ ತಮಟೆ ಬಡಿಯುವವನು ಯಾರು? ಯಾವ ಕೇರಿಯವನು? ಅವನಿಗೆ ‘ನಾನು ಒಲ್ಲೆ’ ಎನ್ನುವ ಹಕ್ಕು ಇತ್ತೇ? ಸುದ್ದಿ ಸಾರಿದವನಿಗೆ ಆ ಪಂಚಾಯ್ತಿಯ ಕಟ್ಟೆಯ ಮೇಲೆ ಕೂರುವ ಅವಕಾಶ ಇತ್ತೇ? ಇದನ್ನು ಮರೆತು ಹಳೆಯದೆಲ್ಲಾ ಚೆಂದ ಎನ್ನಲಾಗದು. 2022ರ ಆಗಸ್ಟ್‌ನಲ್ಲಿ ತಮಿಳುನಾಡಿನ ಅಂದಿನ ಮುಖ್ಯ ಕಾರ್ಯದರ್ಶಿ ವಿ. ಇರೈಅನ್ಬು ಅವರು ಎಲ್ಲಾ ಜಿಲ್ಲಾಧಿಕಾರಿಗಳಿಗೆ ಬರೆದು, ಮನುಷ್ಯರಿಂದ ತಮಟೆ ಬಡಿಸಿ ಸುದ್ದಿ ಸಾರುವ ‘ತಂಡೋರಾ’ ಪದ್ಧತಿಯನ್ನು ನಿಲ್ಲಿಸಬೇಕು, ಧ್ವನಿವರ್ಧಕ ಇರುವ ಕಾಲದಲ್ಲಿ ಅದು ಬೇಡ ಎಂದು ಸೂಚಿಸಿದರು. ಅಂದರೆ ಮೈಕು ಬರೀ ಶತ್ರುವಲ್ಲ. ಒಬ್ಬರ ಕುತ್ತಿಗೆಯಿಂದ ತಮಟೆ ಇಳಿಸಿದ್ದೂ ಅದೇ. ಮೈಕು ಬೇಡ ಎಂದು ಸುಲಭವಾಗಿ ಹೇಳುವವರು ಇದನ್ನೂ ಯೋಚಿಸಬೇಕು.

ಧ್ವನಿವರ್ಧಕದ ಕಥೆ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನದು. ಅಮೆರಿಕದಲ್ಲಿ ಜೆನ್ಸನ್ ಮತ್ತು ಪ್ರಿಡಮ್ ಎಂಬಿಬ್ಬರು 1915ರಲ್ಲಿ ದೊಡ್ಡ ಸಭೆಗೆ ದನಿ ಮುಟ್ಟಿಸುವ ಸಾಧನವನ್ನು ತೋರಿಸಿದರು. 1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದಲ್ಲಿ ಅದರ ಮೂಲಕ ಸಾವಿರಾರು ಜನರಿಗೆ ಭಾಷಣ ಮಾಡಿದರು. ಅಲ್ಲಿಯವರೆಗೆ ನಾಯಕನಾಗಬೇಕಾದರೆ ಗಟ್ಟಿ ಗಂಟಲು ಬೇಕಿತ್ತು! ನಮ್ಮ ಕಡೆಗೆ ಅದು ಬಂದಾಗ ಮದುವೆ ಮನೆಯ ಹುಣಸೆ ಮರಕ್ಕೆ ಕಟ್ಟಿದ ಕಹಳೆಯಾಕಾರದ ಮೈಕಾಗಿ ಬಂತು. ನಾನು ಚಿಕ್ಕವನಿದ್ದಾಗ ಆ ಮೈಕಿನಲ್ಲಿ ರಾಜಕುಮಾರರ ಹಾಡು ಬಂದರೆ ಮೂರು ಊರಿನವರಿಗೆ ಮದುವೆಯ ಸುದ್ದಿ ತಿಳಿಯುತ್ತಿತ್ತು. ಹಾಡಿದವರು ನಮ್ಮ ಗಾಜನೂರಿನವರೇ ಅಲ್ಲವೇ ಎಂಬ ಹೆಮ್ಮೆ ಬೇರೆ! ಬೇಸರ ಎಂದು ಯಾರಿಗೂ ಅನ್ನಿಸಿದ್ದು ನನಗೆ ನೆನಪಿಲ್ಲ. ಆ ಮೈಕಿನ ದನಿ ಕೀಚಲು, ಆದರೆ ಅದು ಮರದ ಮೇಲಿತ್ತು, ನಾವು ಕೆಳಗಿದ್ದೆವು. ಈಗಿನ ಬಾಕ್ಸು ನೆಲದ ಮೇಲೆ, ಟ್ರ್ಯಾಕ್ಟರಿನ ಮೇಲೆ, ನಮ್ಮ ಎದೆಯ ಮಟ್ಟದಲ್ಲಿ ಇರುತ್ತದೆ. ಹುಡುಗರು ಅದಕ್ಕೆ ಎದೆಯೊಡ್ಡಿ ಕುಣಿಯುತ್ತಾರೆ.

ಸದ್ದು ಕಿವಿಯನ್ನು ತಿನ್ನುತ್ತದೆ ಎಂಬುದು ಹೊಸ ಶೋಧವೇನಲ್ಲ. ಇಟಲಿಯ ವೈದ್ಯ ರಾಮಜ್ಜಿನಿ ಹದಿನೆಂಟನೇ ಶತಮಾನದ ಆರಂಭದಲ್ಲೇ ವೆನಿಸ್ ನಗರದ ತಾಮ್ರದ ಕೆಲಸಗಾರರು ದಿನವಿಡೀ ಬಡಿದು ಬಡಿದು ಕಿವುಡರಾಗುವುದನ್ನು ಬರೆದಿಟ್ಟಿದ್ದಾನೆ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಎಂಬ ವೈದ್ಯ ಬಾಯ್ಲರ್ ತಯಾರಿಸುವ ನೂರು ಮಂದಿ ಕಾರ್ಮಿಕರ ಕಿವಿ ಪರೀಕ್ಷಿಸಿದ. ನೂರರಲ್ಲಿ ಒಬ್ಬನಿಗೂ ಸರಿಯಾದ ಶ್ರವಣ ಇರಲಿಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಭಾಗ ಇದೆ. ಅದರೊಳಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಜೋರು ಸದ್ದಿಗೆ ಅವು ಗಾಳಿಮಳೆಗೆ ಸಿಕ್ಕ ರಾಗಿ ತೆನೆಯ ಹಾಗೆ ಮಲಗುತ್ತವೆ. ಸಣ್ಣ ಮಳೆಗೆ ಮಲಗಿದ್ದು ಎದ್ದೀತು, ದೊಡ್ಡ ಮಳೆಗೆ ಮುರಿದದ್ದು ಏಳುವುದಿಲ್ಲ. ಮನುಷ್ಯನಲ್ಲಿ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಗಣಿತದ ಮೇಷ್ಟ್ರುಗಳಿಗೆ ಇಲ್ಲೊಂದು ಒಳ್ಳೆಯ ಲೆಕ್ಕ ಇದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎಂದಿಟ್ಟುಕೊಳ್ಳಿ. ಪ್ರತಿ 3 ಡೆಸಿಬಲ್ ಏರಿದಂತೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಹಾಗಾಗಿ ಸಮಯ ಅರ್ಧವಾಗಬೇಕು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ! ಡಿ.ಜೆ. ಬಾಕ್ಸಿನ ಮುಂದೆ 100 ಡೆಸಿಬಲ್ ಬಲು ಸುಲಭವಾಗಿ ದಾಟುತ್ತದೆ. ನಮ್ಮ ಹುಡುಗ ಅದರ ನಡುವೆ ರಾತ್ರಿಯೆಲ್ಲಾ ಕೂರುತ್ತಿದ್ದ. ಹತ್ತಿ ಇಟ್ಟುಕೊಂಡಿದ್ದೆ ಸಾ ಅಂದ, ಪಾಪ. ಹತ್ತಿ ಏನೇನೂ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನಂಥ ಕಿವಿಬಿರಡೆಯನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅದೂ ಇಲ್ಲದಿದ್ದರೆ ದೂರ ಸರಿಯುವುದೇ ಔಷಧ. ಬಯಲಿನಲ್ಲಿ ಒಂದು ಬಾಕ್ಸಿನಿಂದ ಇರುವ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮೇಲಿನ ಲೆಕ್ಕ ಹಿಡಿದರೆ ಕಾಲು ಗಂಟೆ ಇದ್ದದ್ದು ಒಂದು ಗಂಟೆಯಾಯಿತು ನೋಡಿ.

ಇನ್ನು ‘ನಮ್ಮ ಮಾತು ಯಾರು ಕೇಳುತ್ತಾರೆ’ ಎಂಬ ಪ್ರಶ್ನೆಗೆ ಬರೋಣ.

ನಮ್ಮ ದೇಶದಲ್ಲಿ ಗದ್ದಲದ ವಿರುದ್ಧ ಇರುವ ಕಾನೂನು ಮಂತ್ರಿಗಳಿಗೆ ತಾನಾಗಿ ಹೊಳೆದು ಬಂದದ್ದು ಎಂದು ಮಕ್ಕಳು ತಿಳಿದಿದ್ದಾರೆ. ಅದರ ಹಿಂದೆ ಇರುವುದು ಸಾಮಾನ್ಯ ಜನರ ಅರ್ಜಿಗಳು. 1860ರ ದಂಡಸಂಹಿತೆಯಲ್ಲಿ ಸಾರ್ವಜನಿಕ ಉಪದ್ರವ ಎಂಬ ಅಪರಾಧ ಇತ್ತು, ಆದರೆ ಸದ್ದಿಗೆಂದೇ ಅಳತೆಗೋಲು ಇರಲಿಲ್ಲ. 1981ರ ವಾಯುಮಾಲಿನ್ಯ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಗದ್ದಲವನ್ನೂ ಗಾಳಿಯ ಮಾಲಿನ್ಯ ಎಂದು ಸೇರಿಸಿದರು. 1990ರ ದಶಕದ ಆರಂಭದಲ್ಲಿ ಕೇರಳದ ಕೊಟ್ಟಾಯಂ ಕಡೆಯ ಪಿ.ಎ. ಜೇಕಬ್ ಎಂಬವರ ಪ್ರಕರಣದಲ್ಲಿ ಕೇರಳ ಹೈಕೋರ್ಟು ಒಂದು ಬಹಳ ಮುಖ್ಯ ವಿಷಯ ಹೇಳಿತು. ಮಾತಾಡುವ ಸ್ವಾತಂತ್ರ್ಯ ಇದೆ ಎಂದ ಮಾತ್ರಕ್ಕೆ ಮೈಕಿನಲ್ಲಿ ಮಾತಾಡುವ ಹಕ್ಕು ಇದೆ ಎಂದಲ್ಲ, ಕೇಳಲು ಇಷ್ಟವಿಲ್ಲದವನನ್ನು ಹಿಡಿದು ಕೇಳಿಸುವ ಹಕ್ಕಂತೂ ಇಲ್ಲ. ಗಮನಿಸಿ, ಕಿವಿಗೆ ರೆಪ್ಪೆ ಇಲ್ಲ. ಕಣ್ಣು ಮುಚ್ಚಬಹುದು, ಕಿವಿ ಮುಚ್ಚಲಾಗದು.

ಮುಂದೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ. ಚೆನ್ನೈನ ಮೆಜೆಸ್ಟಿಕ್ ಕಾಲೋನಿ ಎಂಬ ಬಡಾವಣೆಯ ನಿವಾಸಿಗಳ ಸಂಘದವರು ಅಲ್ಲಿನ ಒಂದು ಪ್ರಾರ್ಥನಾ ಮಂದಿರದ ಧ್ವನಿವರ್ಧಕ, ಡ್ರಮ್ಮುಗಳ ಸದ್ದಿನ ವಿರುದ್ಧ ದೂರು ಕೊಟ್ಟರು. ಅದು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನ ತನಕ ಹೋಯಿತು. 2000ನೇ ಇಸವಿಯ ಆಗಸ್ಟ್ 30ರಂದು ಬಂದ ತೀರ್ಪಿನ ಸಾರ ಇಷ್ಟು: ಇನ್ನೊಬ್ಬರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ. ಇದು ಒಂದು ಧರ್ಮದವರಿಗೆ ಹೇಳಿದ ಮಾತಲ್ಲ. ನಮ್ಮ ಜಾತ್ರೆ, ಅವರ ಉರುಸು, ಇನ್ನೊಬ್ಬರ ಸುವಾರ್ತಾ ಕೂಟ ಎಲ್ಲಕ್ಕೂ ಒಂದೇ. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಶಬ್ದಮಾಲಿನ್ಯ ನಿಯಮಗಳನ್ನು ಹೊರಡಿಸಿತ್ತು. ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ನಿಶ್ಶಬ್ದ ವಲಯ ಎಂದು ಘೋಷಿಸಿದ ಕಡೆ ಹಗಲು 50, ರಾತ್ರಿ 40. ಮೈಕು ಹಾಕಲು ಲಿಖಿತ ಅನುಮತಿ ಬೇಕು.

ಎಲ್ಲಕ್ಕಿಂತ ದೊಡ್ಡ ತೀರ್ಪು ಬಂದದ್ದು 2005ರ ಜುಲೈ 18ರಂದು. ಅದರ ಹಿನ್ನೆಲೆಯನ್ನು ದೊಡ್ಡ ತರಗತಿಯ ಮಕ್ಕಳಿಗೆ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. 13 ವರ್ಷದ ಒಬ್ಬ ಬಾಲಕಿಯ ಮೇಲೆ ಅತ್ಯಾಚಾರ ನಡೆಯಿತು. ಆಕೆ ಕೂಗಿಕೊಂಡಳು. ನೆರೆಯಲ್ಲಿ ಧ್ವನಿವರ್ಧಕದ ಅಬ್ಬರ. ಆಕೆಯ ಕೂಗು ಯಾರಿಗೂ ಕೇಳಿಸಲಿಲ್ಲ. ಅದೇ ದಿನ ಸಂಜೆ ಆಕೆ ಬೆಂಕಿ ಹಚ್ಚಿಕೊಂಡು ತೀರಿಹೋದಳು. ಪತ್ರಿಕೆಗಳಲ್ಲಿ ಬಂದಿದ್ದ ಈ ಸುದ್ದಿಯನ್ನು ಮುಂದಿಟ್ಟು ಅನಿಲ್ ಕೆ. ಮಿತ್ತಲ್ ಎಂಬ ಇಂಜಿನಿಯರ್ 1998ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಕೆ ಅವರ ಮಗಳೆಂದೋ ನೆಂಟಳೆಂದೋ ಹಾಕಿದ ಅರ್ಜಿ ಅಲ್ಲ. ಪತ್ರಿಕೆ ಓದಿದವರು ಲಕ್ಷಾಂತರ, ‘ಅಯ್ಯೋ ಪಾಪ’ ಅಂದವರೂ ಲಕ್ಷಾಂತರ. ಅರ್ಜಿ ಹಾಕಿದವರು ಒಬ್ಬರು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಮತ್ತು ನ್ಯಾಯಮೂರ್ತಿ ಅಶೋಕ್ ಭಾನ್ ಕೊಟ್ಟ ತೀರ್ಪು, ಸಾರ್ವಜನಿಕ ತುರ್ತು ಸಂದರ್ಭವನ್ನು ಬಿಟ್ಟು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕು, ತಮಟೆ, ತುತ್ತೂರಿ ಯಾವುದೂ ಕೂಡದು ಎಂದಿತು. (ಹೊಲಕ್ಕೆ ಆನೆ ನುಗ್ಗಿದಾಗ ಬಡಿಯುವ ಡಬ್ಬ ತುರ್ತು ಸಂದರ್ಭವೇ ಎಂದು ಒಬ್ಬ ಹುಡುಗ ಕೇಳಿದ. ಆನೆಯನ್ನೇ ಕೇಳಬೇಕಪ್ಪ ಅಂದೆ!) ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ಅದನ್ನು ಅದೇ ವರ್ಷ ಅಕ್ಟೋಬರಿನಲ್ಲಿ ಕೋರ್ಟು ಒಪ್ಪಿತು.

ಆ ತೀರ್ಪಿನಲ್ಲಿ ನಮಗೆ, ಅಂದರೆ ಶಾಲೆಗಳಿಗೆ, ಸಂಬಂಧಿಸಿದ ಒಂದು ಭಾಗ ಇದೆ. ಅದನ್ನು ಬಹಳ ಮಂದಿ ಮೇಷ್ಟ್ರುಗಳೇ ಓದಿಲ್ಲ, ನಾನೂ ತಡವಾಗಿಯೇ ಓದಿದ್ದು. ನಾಗರಿಕ ಪ್ರಜ್ಞೆ ಕಲಿಸುವ ಪಠ್ಯಪುಸ್ತಕಗಳಲ್ಲಿ ಗದ್ದಲದ ಬಗ್ಗೆ ಪಾಠ ಸೇರಿಸಬೇಕು, ಶಾಲೆಗಳಲ್ಲಿ ವಿಶೇಷ ಉಪನ್ಯಾಸ ಇಡಬೇಕು, ಗದ್ದಲ ತಡೆಯುವುದರಲ್ಲಿ ಮಕ್ಕಳ ಮತ್ತು ಯುವಜನರ ಪಾತ್ರ ಏನೆಂದು ತಿಳಿಸಬೇಕು ಎಂದು ನ್ಯಾಯಾಲಯ ಹೇಳಿದೆ. ಯುವಜನರ ಪಾತ್ರ! ದೇಶದ ದೊಡ್ಡ ಕೋರ್ಟು ನಿನಗೊಂದು ಪಾತ್ರ ಇದೆ ಎಂದು ಹೇಳಿ ಇಪ್ಪತ್ತು ವರ್ಷ ದಾಟಿತು, ನಮ್ಮ ಹಿಂದಿನ ಬೆಂಚು ಇನ್ನೂ ‘ನಮ್ಗ್ಯಾಕ’ ಅನ್ನುತ್ತಿದೆ.

ಆದರೆ ಮಕ್ಕಳನ್ನೇ ದೂರಿ ಪ್ರಯೋಜನವಿಲ್ಲ. ಗಡಿಯ ಈಚೆಗಿನ ನಮಗೆ ಆ ‘ನಮ್ಗ್ಯಾಕ’ ಎಲ್ಲಿಂದ ಬಂತೆಂದು ಗೊತ್ತು. ಹಿಂದೆ ನಾವೂ ಕೊಳ್ಳೇಗಾಲದವರೂ ಒಂದೇ ಕೊಯಮತ್ತೂರು ಜಿಲ್ಲೆಯವರು. 1956ರಲ್ಲಿ ಭಾಷಾವಾರು ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ಕನ್ನಡ ಮಾತಾಡುವ ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಜಿಲ್ಲೆ ಒಡೆದು ಪೆರಿಯಾರ್ ಜಿಲ್ಲೆಯಾಯಿತು, ಮುಂದೆ ಅದೇ ಈರೋಡ್ ಜಿಲ್ಲೆ. ತಾಳವಾಡಿ ತಾಲ್ಲೂಕು ಆದದ್ದು 2016ರಲ್ಲಿ. ಅಲ್ಲಿಯವರೆಗೆ ಒಂದು ಸಣ್ಣ ಕಾಗದಕ್ಕೂ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕಿತ್ತು. ಹೋದರೆ ಅಲ್ಲಿ ಅರ್ಜಿ ತಮಿಳಿನಲ್ಲಿ. ನಮ್ಮಪ್ಪ ಯಾರಿಗೋ ಹತ್ತು ರೂಪಾಯಿ ಕೊಟ್ಟು ಬರೆಸುತ್ತಿದ್ದರು, ಏನು ಬರೆದಿದ್ದಾರೆಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಿದ್ದರು. ಹೀಗೆ ಬೆಳೆದ ಮನೆಗಳಲ್ಲಿ ‘ಕಛೇರಿ ನಮ್ಮದಲ್ಲ’ ಎಂಬ ಭಾವನೆ ಎದೆಹಾಲಿನ ಜೊತೆ ಬಂದಿದೆ. ಓಟು ಹಾಕುತ್ತೇವೆ, ಅದು ಬೇರೆ ಮಾತು. ಓಟು ಹಾಕಿದ ಮೇಲಿನ ಐದು ವರ್ಷ ಬಾಯಿ ಇಲ್ಲ.

ಹಾಗೆಂದು ಪೂರ್ತಿ ಮೌನವೂ ಅಲ್ಲ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಬಣ್ಣಾರಿಯಿಂದ ಕಾರಾಪಳ್ಳದವರೆಗಿನ ಹೆದ್ದಾರಿಯಲ್ಲಿ ವನ್ಯಜೀವಿಗಳಿಗಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ನಮ್ಮ ಬೆಟ್ಟದ ಜನ ಬೀದಿಗಿಳಿದಿದ್ದರು. ತರಕಾರಿ ಸಾಗಿಸುವುದು ಹೇಗೆ, ರಾತ್ರಿ ಹೆರಿಗೆ ನೋವು ಬಂದರೆ ಹೇಗೆ ಎಂಬ ಚಿಂತೆ ನಿಜವಾದದ್ದೇ. ಹುಡುಗರೂ ಬಂದಿದ್ದರು. ಆದರೆ ನಾನು ಕಂಡ ಹಾಗೆ ಅವರಿಗೆ ಸಾರ್ವಜನಿಕ ಜೀವನ ಎಂದರೆ ಘೋಷಣೆ, ಬಾವುಟ, ಬೈಕ್ ರ್‍ಯಾಲಿ, ಫೋನಿನಲ್ಲಿ ಸ್ಟೇಟಸ್. ಅದು ಮುಗಿದ ಮಾರನೆಯ ದಿನ ಕೂತು ಒಂದು ಪುಟ ಬರೆಯಲು, ನಾಲ್ಕು ಜನರ ಸಹಿ ತೆಗೆದುಕೊಳ್ಳಲು, ಉತ್ತರ ಬರದಿದ್ದರೆ ಮತ್ತೆ ಹೋಗಿ ಕೇಳಲು ಯಾರಿಗೂ ಉತ್ಸಾಹ ಇಲ್ಲ. ಕಾರಣ, ಅದಕ್ಕೆ ಸದ್ದು ಇಲ್ಲ.

ಈಗ ನಮ್ಮೂರ ಹಬ್ಬದ ವಿಷಯ. ಪಂಗುನಿ ತಿಂಗಳು, ಅಂದರೆ ಮಾರ್ಚ್–ಏಪ್ರಿಲ್, ಈ ಕಡೆಯೆಲ್ಲಾ ಮಾರಿ ಹಬ್ಬಗಳ ಕಾಲ. ಹತ್ತನೇ ತರಗತಿಯ ಪರೀಕ್ಷೆಯೂ ಆಗಲೇ. ನಮ್ಮಲ್ಲಿ ಓದಿ ಹೋಗಿ ಹತ್ತನೇ ತರಗತಿಯಲ್ಲಿದ್ದ ಒಬ್ಬ ಹುಡುಗಿ ಒಂದು ಸಂಜೆ ಬಂದು, “ಸಾ, ನಮ್ ಮನ ಮುಂದ್ಗಡೇನೇ ಬಾಕ್ಸ್ ಕಟ್ತಾರ. ಮೂರ್ ರಾತ್ರಿ. ನಾಕನೇ ದಿನ ಗಣಿತ ಪರೀಕ್ಸ” ಅಂದಳು. ನಾನು ಆ ತೀರ್ಪಿನ ಕಥೆಯನ್ನು ಅವಳಿಗೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಜಿ ನಾವೂ ಬರೀಬೋದಾ ಸಾ?” ಅಂದಳು.

ಬರೆದರು. ಅವಳು, ಅವಳ ಜೊತೆಯ ಮೂವರು, ನಮ್ಮ ಎಂಟನೇ ತರಗತಿಯ ಆರು ಮಂದಿ. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ, ತಿದ್ದಬಾರದೆಂದು ಬಹಳ ಕಷ್ಟಪಟ್ಟೆ. ಕನ್ನಡದಲ್ಲಿ ಒಂದು ಪ್ರತಿ ಹಬ್ಬದ ಯಜಮಾನರಿಗೆ, ತಮಿಳಿನಲ್ಲಿ ಒಂದು ಪ್ರತಿ ಪಂಚಾಯ್ತಿಗೆ. ತಮಿಳಿನದನ್ನು ಬರೆದವಳು ಅವಳೇ. 2006ರ ತಮಿಳು ಕಲಿಕೆ ಕಾಯ್ದೆ ಬಂದಾಗ ನಾವು ಗಡಿ ಮೇಷ್ಟ್ರುಗಳು ಎಷ್ಟು ತಲೆಬಿಸಿ ಮಾಡಿಕೊಂಡಿದ್ದೆವು! ಕನ್ನಡ ಮಾಧ್ಯಮ ಉಳಿಯುತ್ತದೋ ಇಲ್ಲವೋ ಎಂಬ ಆತಂಕ ನನಗೆ ಇವತ್ತಿಗೂ ಇದೆ. ಆದರೆ ಅಪ್ಪ ಹತ್ತು ರೂಪಾಯಿ ಕೊಟ್ಟು ಬರೆಸುತ್ತಿದ್ದ ಕಾಗದವನ್ನು ಈ ಹುಡುಗಿ ಕಾಲುಮಣೆಯ ಮೇಲೆ ಕೂತು ತಾನೇ ಬರೆದದ್ದನ್ನು ನೋಡಿದಾಗ ಏನೆನ್ನಲಿ? ಎರಡೂ ಮಾತು ನಿಜ.

ಅರ್ಜಿಯಲ್ಲಿ ಇದ್ದದ್ದು ಮೂರೇ ಬೇಡಿಕೆ. ರಾತ್ರಿ ಹತ್ತಕ್ಕೆ ನಿಲ್ಲಿಸಿ. ಬಾಕ್ಸಿನ ಮುಖವನ್ನು ಮನೆಗಳ ಕಡೆಯಿಂದ ಕೆರೆಯ ಕಡೆಗೆ ತಿರುಗಿಸಿ. ಬಾಕ್ಸಿನ ಹತ್ತಿರ ಚಿಕ್ಕ ಹುಡುಗರನ್ನು ಕೂರಿಸಬೇಡಿ. ಕೆಳಗೆ ಒಂದು ಮಾತು ಸೇರಿಸಿದ್ದರು. ನಮ್ಮದೇ ಈರೋಡ್ ಜಿಲ್ಲೆಯ ವೆಳ್ಳೋಡು ಪಕ್ಷಿಧಾಮದ ಸುತ್ತಲಿನ ಊರಿನವರು ಹಕ್ಕಿಗಳು ಬೆದರಬಾರದೆಂದು ಎಷ್ಟೋ ವರ್ಷದಿಂದ ದೀಪಾವಳಿಗೆ ಪಟಾಕಿ ಹೊಡೆಯುವುದಿಲ್ಲ, ಹಕ್ಕಿಗೆ ಮಾಡಿದ್ದನ್ನು ನಮಗೂ ಮಾಡಿ ಎಂದು. ಇದು ಯಾರ ಯೋಚನೆಯೋ ಕಾಣೆ, ನನ್ನದಂತೂ ಅಲ್ಲ.

ಯಜಮಾನರಿಗೆ ಮೊದಲು ಸಿಟ್ಟು ಬಂತು. “ಏನ್ ಮೇಷ್ಟ್ರೇ, ಮಕ್ಕಳ ಕೈಲಿ ದೇವರ ಹಬ್ಬ ನಿಲ್ಲಿಸ್ತಿದ್ದೀರಾ?” ಎಂದು ನನ್ನ ಮೇಲೇ ಬಂದರು. ನಿಲ್ಲಿಸಿ ಎಂದು ಎಲ್ಲಿ ಬರೆದಿದೆ ಓದಿ ಗೌಡ್ರೇ ಅಂದೆ. ಪಕ್ಕದಲ್ಲಿದ್ದ ಒಬ್ಬ ಅಜ್ಜ, ಜೀವಮಾನವಿಡೀ ತಮಟೆ ಬಡಿದವರು, ಕಿವಿಗೆ ಕೈ ಮರೆ ಮಾಡಿಕೊಂಡು, “ಏನಂತೆ? ಏನಂತೆ?” ಎಂದು ನಾಲ್ಕು ಸಲ ಕೇಳಿದರು. ಕೊನೆಗೆ ಯಾರೋ ಅವರ ಕಿವಿಯ ಹತ್ತಿರ ಹೋಗಿ ಜೋರಾಗಿ ಹೇಳಿದರು. ಅಜ್ಜ, “ಮಕ್ಳು ಸರ್ಯಾಗೇ ಕೇಳವ್ರೆ ಕನ ಗೌಡ” ಅಂದುಬಿಟ್ಟರು. ಆಮೇಲೆ ಹೆಚ್ಚು ಮಾತು ಬೆಳೆಯಲಿಲ್ಲ.

ಎಲ್ಲಾ ಸುಸೂತ್ರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ರಾತ್ರಿ ಹತ್ತೂವರೆಗೆ ನಿಂತಿತು. ಎರಡನೆಯ ರಾತ್ರಿ ಹನ್ನೊಂದೂ ಮುಕ್ಕಾಲು, ಪಕ್ಕದ ಊರಿನ ಹುಡುಗರು ಬಂದು ಗಲಾಟೆ ಮಾಡಿದರು. ಆ ಹುಡುಗಿ ಚಾವಡಿಗೆ ಹೋಗಿ ಅರ್ಜಿಯ ಪ್ರತಿ ಹಿಡಿದು ನಿಂತಳಂತೆ, ಜೊತೆಗೆ ಅವಳ ಅಮ್ಮ. ಮೂರನೆಯ ರಾತ್ರಿ ಹತ್ತಕ್ಕೇ ನಿಂತಿತು. ಬಾಕ್ಸಿನ ಮುಖ ಮಾತ್ರ ಮೂರು ದಿನವೂ ಕೆರೆಯ ಕಡೆಗೇ ಇತ್ತು. ಅರ್ಜಿ ಬರೆದವರಲ್ಲೇ ಇಬ್ಬರು ಹುಡುಗರು ಅದರ ಮುಂದೆ ಕುಣಿಯುತ್ತಿದ್ದರು, ಕಿವಿಯಲ್ಲಿ ಸ್ಪಂಜಿನ ಬಿರಡೆ ಇತ್ತು. ಕುಣಿಯಬೇಡಿ ಎಂದು ನಾನು ಯಾವತ್ತೂ ಹೇಳಿಲ್ಲ. ಗುಮಟಾಪುರದಲ್ಲಿ ದೀಪಾವಳಿ ಕಳೆಯುತ್ತಿದ್ದಂತೆ ಗೊರೆಹಬ್ಬ ಮಾಡಿ ಊರಿಗೆ ಊರೇ ಸಗಣಿ ಎರಚಿಕೊಂಡು ನಗುವ ಸೀಮೆ ನಮ್ಮದು, ಹಬ್ಬವಿಲ್ಲದೆ ಬದುಕು ಇದೆಯೇ?

ಪಂಚಾಯ್ತಿಗೆ ಕೊಟ್ಟ ತಮಿಳು ಪ್ರತಿಗೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇವೆ ಎನ್ನುತ್ತಿದ್ದಾರೆ. ಹದಿನೆಂಟು ತುಂಬದವರಿಗೆ ಅಲ್ಲಿ ಓಟಿಲ್ಲ, ಆದರೆ ಹೋಗಿ ಕೂತು ಕೇಳಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಹುಡುಗಿಯ ಅಮ್ಮ ಕೇಳುತ್ತಾರಂತೆ.

ಆ ಎಂಟನೇ ತರಗತಿಯ ಹುಡುಗನ ಕಿವಿ ಮೊದಲಿನಂತೆ ಆಗುವುದಿಲ್ಲ ಎಂದು ಮೈಸೂರಿನವರು ಸ್ಪಷ್ಟವಾಗಿ ಹೇಳಿದ್ದಾರೆ, ಇರುವುದನ್ನು ಉಳಿಸಿಕೊಳ್ಳಬೇಕು ಅಷ್ಟೆ. ಅವನನ್ನು ಮೊದಲ ಬೆಂಚಿಗೆ, ನನ್ನ ಮುಖ ಕಾಣುವ ಹಾಗೆ ಕೂರಿಸಿದ್ದೇನೆ. ಉಕ್ತಲೇಖನ ಹೇಳುವಾಗ ಬೋರ್ಡಿನ ಕಡೆ ತಿರುಗಿ ಹೇಳುವ ನನ್ನ ಹಳೆಯ ಚಾಳಿ ಬಿಟ್ಟಿದ್ದೇನೆ. ಕಳೆದ ವಾರ ಇಪ್ಪತ್ತು ಪದ ಕೊಟ್ಟೆ. ಹದಿನೇಳು ಸರಿ ಬರೆದಿದ್ದ. ‘ತೋಟ’ ಸರಿಯಾಗಿತ್ತು.